ಹನ್ನೆರಡೂವರೆ ಕಿಲೋ ಲೆಕ್ಕ

ಬಸುರಿಯ ತೂಕ ಒಂಬತ್ತು ತಿಂಗಳಲ್ಲಿ ಏರುತ್ತದಲ್ಲ, ಏರಿದ್ದು ಎಲ್ಲೆಲ್ಲಿ ಹೋಗಿ ಕೂರುತ್ತದೆ ಎಂದು ಕೂಡಿಸಿ ಕಳೆದು ನೋಡಿದವರು ಬ್ರಿಟನ್ನಿನ ಫ್ರ್ಯಾಂಕ್ ಹಿಟನ್ ಮತ್ತು ಇಸಬೆಲ್ಲಾ ಲೀಚ್. 1964ರಲ್ಲಿ ಬಂದ ಅವರ ಪುಸ್ತಕದ ಆ ಲೆಕ್ಕ ಇಂದಿಗೂ ವೈದ್ಯ ವಿದ್ಯಾರ್ಥಿಗಳ ಬಾಯಲ್ಲಿದೆ. ಮಗುವಿನದು ಸುಮಾರು 3.4 ಕಿಲೋ. ಮಾಸು 650 ಗ್ರಾಂ. ಮಗು ತೇಲುವ ನೀರು 800 ಗ್ರಾಂ. ಹಿಗ್ಗಿದ ಗರ್ಭಕೋಶಕ್ಕೆ ಹತ್ತಿರಹತ್ತಿರ ಒಂದು ಕಿಲೋ, ಎದೆಗೆ ಇನ್ನೊಂದು 400 ಗ್ರಾಂ. ರಕ್ತ ಒಂದೂವರೆ ಕಿಲೋದಷ್ಟು ಹೆಚ್ಚುತ್ತದೆ. ಪಾದ ಬಾತು ಚಪ್ಪಲಿ ಬಿಗಿಯಾಗುವಂತೆ ಮಾಡುವ ನೀರು ಮತ್ತೊಂದೂವರೆ. ಇಷ್ಟೆಲ್ಲ ಕಳೆದ ಮೇಲೆ ಉಳಿಯುವ ಮೂರು ಕಿಲೋಗೂ ಮಿಕ್ಕಿದ ಪಾಲು ಕೊಬ್ಬು. ಹಾಲೂಡಿಸುವ ದಿನಗಳಿಗೆ ಬೇಕಾದೀತೆಂದು ಮೈ ತಾನಾಗಿ ಸೊಂಟ, ತೊಡೆಗಳಲ್ಲಿ ಎತ್ತಿಟ್ಟುಕೊಂಡದ್ದು. ಒಟ್ಟು ಹನ್ನೆರಡೂವರೆ ಕಿಲೋ.

ಈ ಪಟ್ಟಿಯನ್ನು ಮೊದಲಿಗೇ ಇಟ್ಟದ್ದಕ್ಕೆ ಕಾರಣವಿದೆ. ತಾಯಿ ದಪ್ಪಗಾದರೆ ಮಗುವಿಗೂ ಬೊಜ್ಜು ಬರುತ್ತದೆ ಎಂಬ ಮಾತು ಈಗ ಪತ್ರಿಕೆಗಳಲ್ಲಿ, ಡಾಕ್ಟರ ಕೋಣೆಯಲ್ಲಿ, ನೆಂಟರಿಷ್ಟರ ಬಾಯಲ್ಲಿ ಸಲೀಸಾಗಿ ಓಡಾಡುತ್ತಿದೆ. ಆದರೆ ತಾಯಿ ಕಾರ್ಡಿನಲ್ಲಿ ತಿಂಗಳು ತಿಂಗಳೂ ಬರೆಯುವ ಆ ಒಂದು ಅಂಕಿಯಲ್ಲಿ ಮಗು, ನೀರು, ರಕ್ತ, ಕೊಬ್ಬು ಎಲ್ಲವೂ ಕಲಸಿಹೋಗಿವೆ. ಅಷ್ಟೇ ಅಲ್ಲ, ‘ತಾಯಿಯ ತೂಕ’ ಎನ್ನುವಾಗ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ. ಬಸುರಿಯಾಗುವ ಮುಂಚೆಯೇ ಇದ್ದ ತೂಕ ಒಂದು. ಆಮೇಲೆ ಏರಿದ ತೂಕ ಇನ್ನೊಂದು. ಮಗುವಿನ ಮೇಲೆ ಇವೆರಡರ ಪರಿಣಾಮ ಒಂದೇ ಅಲ್ಲ.

2019ರಲ್ಲಿ ಯುರೋಪ್, ಉತ್ತರ ಅಮೆರಿಕ ಮತ್ತು ಆಸ್ಟ್ರೇಲಿಯಾಗಳ 37 ಅಧ್ಯಯನಗಳನ್ನು ಒಟ್ಟು ಸೇರಿಸಿ, 1,62,129 ತಾಯಂದಿರು ಮತ್ತು ಅವರ ಮಕ್ಕಳ ವಿವರಗಳನ್ನು ಜಾಲಾಡಿದ ಒಂದು ದೊಡ್ಡ ವರದಿ ಹೊರಬಂತು. ಮಕ್ಕಳ ಅತಿತೂಕದಲ್ಲಿ ಶೇ. 20ರಿಂದ 40ರ ಆಸುಪಾಸು ಪಾಲನ್ನು ಬಸಿರಿಗೆ ಮುಂಚಿನ ತಾಯಿಯ ಅತಿತೂಕದ ಲೆಕ್ಕಕ್ಕೆ ಹಾಕಬಹುದು ಎಂದು ಅದು ಅಂದಾಜು ಮಾಡಿತು. ಬಸಿರಿನಲ್ಲಿ ವಿಪರೀತ ಏರಿದ ತೂಕದ ಪಾಲು ಅದರ ಸುಮಾರು ಅರ್ಧ. ಮಗು ದೊಡ್ಡದಾದಷ್ಟೂ ನಂಟು ಗಟ್ಟಿಯಾಗುತ್ತ ಹೋಗುತ್ತದೆ ಎಂಬುದೂ ಅದರಲ್ಲಿತ್ತು. ಎರಡು ವರ್ಷದ ಕೂಸಿನಲ್ಲಿ ಕಾಣುವುದಕ್ಕಿಂತ ಹದಿಹರೆಯಕ್ಕೆ ಬಂದವರಲ್ಲಿ ಅದು ಹೆಚ್ಚು ಸ್ಪಷ್ಟ.

ಇಷ್ಟು ಓದಿದರೆ ತೀರ್ಪು ಬರೆದೇ ಬಿಡಬಹುದು ಅನ್ನಿಸುತ್ತದೆ. ನನಗೆ ಅನುಮಾನ ಶುರುವಾಗುವುದು ಆ ಕೊನೆಯ ಸಂಗತಿಯಿಂದಲೇ. ಗರ್ಭದಲ್ಲಿ ನಡೆದದ್ದೇ ಕಾರಣವಾಗಿದ್ದರೆ ಹುಟ್ಟಿದ ಹೊಸದರಲ್ಲಿ ನಂಟು ಗಟ್ಟಿಯಾಗಿದ್ದು ಬರಬರುತ್ತ ಸಡಿಲವಾಗಬಹುದಿತ್ತಲ್ಲವೇ? ಇಲ್ಲಿ ತಿರುವುಮುರುವು. ತಾಯಿಯಿಂದ ಮಗುವಿಗೆ ದಾಟುವುದು ಗರ್ಭದ ಆಹಾರವೊಂದೇ ಅಲ್ಲ. ತಾಯಿಯ ವಂಶವಾಹಿಗಳಲ್ಲಿ ಅರ್ಧ ದಾಟುತ್ತವೆ. ಆಮೇಲೆ ಅದೇ ಮನೆಯ ಅಡುಗೆ, ಅದೇ ಡಬ್ಬಿಯ ಚಕ್ಕುಲಿ ಕೋಡುಬಳೆ, ಅದೇ ಸೋಫಾ, ಆಟಕ್ಕೆ ಜಾಗವಿಲ್ಲದ ಅದೇ ಬೀದಿ. ಮಗು ಹತ್ತು ವರ್ಷ ಉಂಡದ್ದು ತಾಯಿ ಉಂಡ ಪಾತ್ರೆಯಿಂದಲೇ.

ಈ ಗೋಜಲು ಬಿಡಿಸಲು ಒಂದು ಸರಳ ಉಪಾಯವೆಂದರೆ ತಂದೆಯನ್ನೂ ತಕ್ಕಡಿಗೆ ಹತ್ತಿಸುವುದು. ತಂದೆಯೂ ಅರ್ಧ ವಂಶವಾಹಿ ಕೊಡುತ್ತಾನೆ, ಅದೇ ಮನೆಯ ಊಟ ಮಾಡುತ್ತಾನೆ, ಗರ್ಭವೊಂದಿಲ್ಲ. ನಾರ್ವೆಯ ಬೃಹತ್ ತಾಯಿ-ಮಗು ಅಧ್ಯಯನದಲ್ಲಿ ಹೀಗೆ ಹೋಲಿಸಿ ನೋಡಿದಾಗ, ಮೂರು ವರ್ಷದ ಮಕ್ಕಳ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಜೊತೆ ತಾಯಿಯ ಬಿಎಂಐಗೆ ಇದ್ದಷ್ಟೇ ನಂಟು ತಂದೆಯ ಬಿಎಂಐಗೂ ಇತ್ತು. ಮಗು ದಪ್ಪಗಿದೆಯೆಂದು ತಾಯಿಯನ್ನು ಕೂರಿಸಿ ಬುದ್ಧಿ ಹೇಳುವಾಗ ಪಕ್ಕದಲ್ಲಿ ಹೊಟ್ಟೆ ಮುಂದೆ ಮಾಡಿಕೊಂಡು ಕೂತ ಗಂಡನಿಗೂ ಎರಡು ಮಾತು ಸಲ್ಲಬೇಕು ಎಂದಾಯಿತು.

ಹಾಗಾದರೆ ಗರ್ಭದ ಪಾತ್ರವೇ ಇಲ್ಲವೇ? ಇದೆ. ಅದು ಕಾಣಬೇಕಾದರೆ ತಾಯಿ ಒಬ್ಬಳೇ, ಮನೆ ಒಂದೇ, ಬಸಿರು ಮಾತ್ರ ಬೇರೆ ಎನ್ನುವಂಥ ಕಡೆ ಹುಡುಕಬೇಕು. ಅಂದರೆ ಒಡಹುಟ್ಟಿದವರಲ್ಲಿ.

ಅಮೆರಿಕದ ಅರಿಝೋನಾದಲ್ಲಿ, ಗಿಲಾ ನದಿಯ ಬಯಲಿನಲ್ಲಿ ಪೀಮಾ ಬುಡಕಟ್ಟಿನವರಿದ್ದಾರೆ. ತಮ್ಮನ್ನು ತಾವು ಅವರು ಕರೆದುಕೊಳ್ಳುವುದು ಅಕಿಮೆಲ್ ಓಓದಮ್ ಎಂದು. ಜಗತ್ತಿನಲ್ಲೇ ಅತಿ ಹೆಚ್ಚು ಮಧುಮೇಹಿಗಳಿರುವ ಸಮುದಾಯಗಳಲ್ಲಿ ಅವರದೂ ಒಂದು. 1965ರಿಂದ ಸಂಶೋಧಕರು ಅಲ್ಲಿ ತಲೆಮಾರುಗಳನ್ನೇ ಅಳೆಯುತ್ತ ಬಂದಿದ್ದಾರೆ. ಇಷ್ಟು ಉದ್ದದ ಲೆಕ್ಕಪತ್ರ ಇದ್ದುದರಿಂದ 2000ನೇ ಇಸವಿಯಲ್ಲಿ ಡಾನಾ ಡಬೆಲಿಯಾ ಮತ್ತು ಸಂಗಡಿಗರು ಒಂದು ಜಾಣ ಪ್ರಶ್ನೆ ಕೇಳಲು ಸಾಧ್ಯವಾಯಿತು. ತಾಯಿಗೆ ಮಧುಮೇಹ ಬರುವ ಮುಂಚೆ ಹುಟ್ಟಿದ ಮಗುವಿಗೂ ಬಂದ ಮೇಲೆ ಹುಟ್ಟಿದ ಮಗುವಿಗೂ ಏನು ವ್ಯತ್ಯಾಸ? ಅಪ್ಪ ಅಮ್ಮ ಅವರೇ, ಅಡುಗೆಮನೆ ಅದೇ. ಆದರೂ ಆಮೇಲೆ ಹುಟ್ಟಿದವರ ಬಿಎಂಐ ಸರಾಸರಿ 2.6ರಷ್ಟು ಹೆಚ್ಚಿತ್ತು, ಮಧುಮೇಹದ ಸಾಧ್ಯತೆ ಮೂರು ಪಟ್ಟಿಗೂ ಮೀರಿತ್ತು. ತಂದೆಗೆ ಮಧುಮೇಹ ಬರುವ ಮುಂಚೆ ಮತ್ತು ಆಮೇಲೆ ಹುಟ್ಟಿದ ಮಕ್ಕಳಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ತಂದೆಯನ್ನು ಮತ್ತೆ ಸಾಕ್ಷಿಗೆ ಕರೆದದ್ದು ಈ ಸಲ ಗರ್ಭದ ಪರವಾಗಿ ಕೆಲಸಕ್ಕೆ ಬಂತು.

ಕೆನಡಾದ ಕ್ವಿಬೆಕ್‌ನಿಂದ ಬಂದ ಸಾಕ್ಷ್ಯ ಇನ್ನೂ ಸ್ವಾರಸ್ಯದ್ದು. ಅಲ್ಲಿ ವಿಪರೀತ ಬೊಜ್ಜಿದ್ದ ಹೆಂಗಸರು ಹೊಟ್ಟೆ ಮತ್ತು ಕರುಳಿನ ಹಾದಿಯನ್ನೇ ಬದಲಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹತ್ತಾರು ಕಿಲೋ ಇಳಿಸಿದ್ದರು. ಕೆಲವರಿಗೆ ಶಸ್ತ್ರಚಿಕಿತ್ಸೆಗೆ ಮುಂಚೆಯೂ ಮಕ್ಕಳಾಗಿದ್ದವು, ಆಮೇಲೂ ಆದವು. 2009ರಲ್ಲಿ ಪ್ರಕಟವಾದ ಲೆಕ್ಕದಲ್ಲಿ 49 ತಾಯಂದಿರ 111 ಮಕ್ಕಳಿದ್ದರು. ಮುಂಚೆ ಹುಟ್ಟಿದವರಲ್ಲಿ ಶೇ. 35 ಮಂದಿಗೆ ತೀವ್ರ ಬೊಜ್ಜು. ಆಮೇಲೆ ಹುಟ್ಟಿದವರಲ್ಲಿ ಶೇ. 11ಕ್ಕೆ ಮಾತ್ರ. ಆಪರೇಷನ್ ಆದ ಮೇಲೆ ಮನೆಯ ಊಟವೂ ಬದಲಾಗಿರುತ್ತದಲ್ಲ ಎಂದು ನೀವು ಕೇಳಬಹುದು. ಸರಿ, ಆದರೆ ಅಣ್ಣ ಅಕ್ಕಂದಿರೂ ಅದೇ ಬದಲಾದ ಊಟವನ್ನೇ ಉಂಡವರು. ತಾಯಿಯ ಶಸ್ತ್ರಚಿಕಿತ್ಸೆಯಿಂದ ಅವಳ ಜೀನುಗಳಂತೂ ಬದಲಾಗುವುದಿಲ್ಲ.

ಆದರೆ ಬಸಿರಿನಲ್ಲಿ ಏರಿದ ತೂಕದ ವಿಷಯಕ್ಕೆ ಬಂದರೆ ಚಿತ್ರ ಬೇರೆ. ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ 2003ರ ಕಾಯ್ದೆಯ ಪ್ರಕಾರ ಶಾಲಾ ಮಕ್ಕಳ ಬಿಎಂಐ ಅಳೆದು ದಾಖಲಿಸುತ್ತಾರೆ. ಡೇವಿಡ್ ಲುಡ್ವಿಗ್ ಮತ್ತು ಸಂಗಡಿಗರು ಆ ದಾಖಲೆಯನ್ನು ಜನನ ಪತ್ರಗಳ ಜೊತೆ ಜೋಡಿಸಿ, 42,133 ತಾಯಂದಿರ 91,045 ಮಕ್ಕಳನ್ನು ಅಣ್ಣ-ತಮ್ಮ ಅಕ್ಕ-ತಂಗಿಯರಾಗಿ ಹೋಲಿಸಿದರು. ಒಂದು ಬಸಿರಿಗಿಂತ ಇನ್ನೊಂದರಲ್ಲಿ ತಾಯಿ ಪ್ರತಿ ಕಿಲೋ ಹೆಚ್ಚು ಏರಿದ್ದಕ್ಕೆ ಮಗುವಿನ ಬಿಎಂಐ 0.022ರಷ್ಟು ಹೆಚ್ಚಾಗಿತ್ತು. ಹತ್ತು ಕಿಲೋ ಹೆಚ್ಚು ಏರಿದರೂ 0.22. ಹನ್ನೆರಡು ವರ್ಷದ, ಐದಡಿ ಎತ್ತರದ ಹುಡುಗಿಯಲ್ಲಿ ಇದು ಅರ್ಧ ಕಿಲೋ ತೂಕ. ಇಡೀ ರಾಜ್ಯದ ಮಟ್ಟದಲ್ಲಿ ಅದಕ್ಕೆ ಅರ್ಥವಿದೆ. ಒಬ್ಬ ಬಸುರಿಯನ್ನು ಹೆದರಿಸುವಷ್ಟು ದೊಡ್ಡ ಸಂಖ್ಯೆ ಅದಲ್ಲ.

ತೂಕಕ್ಕಿಂತ ಆಳದಲ್ಲಿ ಬೇರೇನೋ ಕೆಲಸ ಮಾಡುತ್ತಿದೆ. ಅದನ್ನು ಮೊದಲು ಊಹಿಸಿದವರು ಕೋಪನ್‌ಹೇಗನ್‌ನ ವೈದ್ಯ ಯೋರ್ಗನ್ ಪೀಡರ್ಸನ್, 1950ರ ದಶಕದಲ್ಲಿ. ಮಧುಮೇಹವಿರುವ ತಾಯಂದಿರಿಗೆ ನಾಲ್ಕು, ನಾಲ್ಕೂವರೆ ಕಿಲೋದ ಗುಂಡುಗುಂಡು ಮಕ್ಕಳು ಏಕೆ ಹುಟ್ಟುತ್ತವೆ ಎಂಬುದು ಅವರ ಪ್ರಶ್ನೆ. ಮಾಸು ಗ್ಲೂಕೋಸನ್ನು ತಾಯಿಯ ರಕ್ತದಿಂದ ಮಗುವಿನ ರಕ್ತಕ್ಕೆ ಧಾರಾಳವಾಗಿ ಬಿಡುತ್ತದೆ, ಇನ್ಸುಲಿನ್ನನ್ನು ಬಿಡುವುದಿಲ್ಲ. ದಿನಸಿ ಬಂದು ಬೀಳುತ್ತದೆ, ಅಡುಗೆಯವರು ಬಾಗಿಲಲ್ಲೇ ಉಳಿಯುತ್ತಾರೆ. ಹಾಗಾಗಿ ಭ್ರೂಣ ತನ್ನ ಪುಟ್ಟ ಮೇದೋಜೀರಕ ಗ್ರಂಥಿಯಿಂದ ತಾನೇ ಇನ್ಸುಲಿನ್ ತಯಾರಿಸಿಕೊಳ್ಳಬೇಕು. ಸಕ್ಕರೆ ಹೆಚ್ಚು ಬಂದಷ್ಟೂ ಹೆಚ್ಚು ಇನ್ಸುಲಿನ್. ಗರ್ಭದೊಳಗೆ ಇನ್ಸುಲಿನ್ ಸಕ್ಕರೆ ಇಳಿಸುವುದಕ್ಕಷ್ಟೇ ಸೀಮಿತವಲ್ಲ. ಅಲ್ಲಿ ಅದು ಬೆಳವಣಿಗೆಯ ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಮುಖ್ಯವಾಗಿ ಕೊನೆಯ ಮೂರು ತಿಂಗಳಲ್ಲಿ, ಕೊಬ್ಬನ್ನು ಕೂಡಿಡುವ ಕೆಲಸ.

ಇನ್ನೊಂದು ಸಂಗತಿ: ಬಸಿರು ಸಹಜವಾಗಿಯೇ ತಾಯಿಯ ಇನ್ಸುಲಿನ್ನಿಗೆ ಅಡ್ಡಗಾಲು ಹಾಕುತ್ತದೆ. ಮಾಸು ಸುರಿಸುವ ಹಾರ್ಮೋನುಗಳು ಐದನೆಯ ತಿಂಗಳ ಹೊತ್ತಿಗೆ ತಾಯಿಯ ಸ್ನಾಯುಗಳು ಇನ್ಸುಲಿನ್ನಿನ ಮಾತು ಕೇಳದಂತೆ ಮಾಡಲು ತೊಡಗುತ್ತವೆ. ಸಕ್ಕರೆ ತಾಯಿಗೇ ಖರ್ಚಾಗದೆ ಮಗುವಿಗೂ ಉಳಿಯಲಿ ಎಂಬ ಏರ್ಪಾಡು ಇದು. ಬಹುಪಾಲು ಹೆಂಗಸರು ಹೆಚ್ಚು ಇನ್ಸುಲಿನ್ ಸುರಿಸಿ ಇದನ್ನು ನಿಭಾಯಿಸುತ್ತಾರೆ. ಮುಂಚಿನಿಂದಲೇ ಮೈಯಲ್ಲಿ ಕೊಬ್ಬು ಹೆಚ್ಚಿದ್ದವರಿಗೆ ಇನ್ಸುಲಿನ್ ಆಗಲೇ ಅರೆಬರೆ ಕೆಲಸ ಮಾಡುತ್ತಿರುತ್ತದೆ. ಬಸಿರು ಅದಕ್ಕೆ ಇನ್ನಷ್ಟು ಹೊರೆ ಹಾಕಿದಾಗ ಸಕ್ಕರೆ ಕೈಮೀರುತ್ತದೆ. ತಾಯಿಯ ತೂಕಕ್ಕೂ ಮಗುವಿನ ಕೊಬ್ಬಿಗೂ ನಡುವೆ ಇರುವ ಕೊಂಡಿಗಳಲ್ಲಿ ದೊಡ್ಡದು ಇದೇ. ಕೊಬ್ಬಿನಾಮ್ಲಗಳೂ ದಾಟುತ್ತವೆ, ಅವುಗಳ ಪಾತ್ರವೂ ಇದೆ. ಆದರೆ ಸಕ್ಕರೆಯಷ್ಟು ಸ್ಪಷ್ಟ ಸಾಕ್ಷ್ಯ ಇನ್ನಾವುದಕ್ಕೂ ಇಲ್ಲ.

ವಂಶವಾಹಿಗಳನ್ನೇ ಅಳತೆಗೋಲು ಮಾಡಿಕೊಂಡ ಅಧ್ಯಯನಗಳೂ ಇದೇ ದಿಕ್ಕಿಗೆ ಬೊಟ್ಟು ಮಾಡುತ್ತವೆ. ಕೆಲವರು ಹುಟ್ಟುತ್ತಲೇ ತೂಕ ಏರುವ ಜೀನುಗಳನ್ನು ತುಸು ಹೆಚ್ಚು ಪಡೆದಿರುತ್ತಾರೆ, ಕೆಲವರು ಸಕ್ಕರೆ ಏರುವ ಜೀನುಗಳನ್ನು. ಇದು ಲಾಟರಿ ಎತ್ತಿದ ಹಾಗೆ ಹಂಚಿಕೆಯಾಗುವುದರಿಂದ ಬಡತನ, ಓದು, ಊಟ ಮುಂತಾದವುಗಳ ಗೊಂದಲ ಅಷ್ಟಾಗಿ ಇರುವುದಿಲ್ಲ. 2016ರಲ್ಲಿ 30,000ಕ್ಕೂ ಹೆಚ್ಚು ತಾಯಂದಿರಲ್ಲಿ ಹೀಗೆ ನೋಡಿದಾಗ, ತಾಯಿಯ ಬಿಎಂಐ ಜೀನಿನ ದೆಸೆಯಿಂದ ನಾಲ್ಕು ಅಂಕ ಹೆಚ್ಚಿದ್ದರೆ ಮಗುವಿನ ಹುಟ್ಟುತೂಕ 55 ಗ್ರಾಂ ಹೆಚ್ಚಿತ್ತು. ಬರಿಹೊಟ್ಟೆಯ ಸಕ್ಕರೆ ಏಳು ಮಿಲಿಗ್ರಾಂನಷ್ಟು ಹೆಚ್ಚಿದ್ದರೆ 114 ಗ್ರಾಂ. ಅಂದರೆ ಹುಟ್ಟುವ ಹೊತ್ತಿಗೆ ಗರ್ಭದ ಛಾಪು ಇದ್ದೇ ಇದೆ. ಆದರೆ ಬ್ರಿಟನ್ನಿನ ಡೆಬೊರಾ ಲಾಲರ್ ಮತ್ತಿತರರು ಇದೇ ಉಪಾಯದಿಂದ ಮುಂದಿನ ಬಾಲ್ಯ, ಹದಿಹರೆಯಗಳನ್ನು ನೋಡಿದಾಗ ತಾಯಿಯ ಬಿಎಂಐನ ನೇರ ಪರಿಣಾಮ ಬಲವಾಗಿ ಕಾಣಿಸಲಿಲ್ಲ. ಮಗು ಬೆಳೆದಂತೆ ಅದರದೇ ಜೀನುಗಳು, ಅದರದೇ ತಟ್ಟೆ ಮೇಲುಗೈ ಸಾಧಿಸುತ್ತವೆ. ಪೀಮಾ ಜನರ ಕಥೆ, ಕ್ವಿಬೆಕ್‌ನ ಕಥೆ ಅಳತೆಯ ತುತ್ತತುದಿಯವು: ಒಂದರಲ್ಲಿ ಪೂರ್ಣಪ್ರಮಾಣದ ಮಧುಮೇಹ, ಇನ್ನೊಂದರಲ್ಲಿ ವಿಪರೀತ ಬೊಜ್ಜು. ನಡುವಿನ ಸಾಮಾನ್ಯ ತೂಕಗಳಲ್ಲಿ ಗರ್ಭದ ಕೈವಾಡ ಚಿಕ್ಕದು.

ಸರಿ, ಬಸಿರಿನಲ್ಲೇ ಹಿಡಿತ ಸಾಧಿಸಿದರೆ? ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಅತಿತೂಕದ 2,212 ಬಸುರಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಊಟ-ವ್ಯಾಯಾಮದ ಸಲಹೆ, ಬೆಂಬಲ ಕೊಟ್ಟು ನೋಡಿದರು. 2014ರಲ್ಲಿ ಫಲಿತಾಂಶ ಬಂತು. ನಾಲ್ಕು ಕಿಲೋ ಮೀರಿದ ಮಕ್ಕಳು ಶೇ. 19ರಿಂದ 15ಕ್ಕೆ ಇಳಿದವು. ತಾಯಂದಿರ ತೂಕದ ಏರಿಕೆಯಲ್ಲಿ ಮಾತ್ರ ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ. ಮಕ್ಕಳಿಗೆ ಮೂರರಿಂದ ಐದಾದಾಗ, ಮತ್ತೆ ಎಂಟರಿಂದ ಹತ್ತಾದಾಗ ಅಳೆದರೆ ಅವರಲ್ಲೂ ವ್ಯತ್ಯಾಸವಿಲ್ಲ. ಬಸಿರು ನಿಂತ ಮೇಲೆ, ಅದೂ ನಾಲ್ಕೈದು ತಿಂಗಳು ಕಳೆದ ಮೇಲೆ, ಡಯಟ್ ಚೀಟಿ ಕೈಗಿಡುವುದರಿಂದ ಆಗುವುದು ಬಹಳಿಲ್ಲ ಎಂದು ಇಂಥ ಪ್ರಯೋಗಗಳು ಒಂದರ ಹಿಂದೊಂದು ಹೇಳುತ್ತಿವೆ.

ಇಷ್ಟರವರೆಗಿನ ಕಥೆಯೆಲ್ಲ 60, 70, 90 ಕಿಲೋದ ತಾಯಂದಿರದು. 45 ಕಿಲೋದ ತಾಯಿಯ ಕಥೆ ಏನು? ಅದಕ್ಕೆ ಮೈಸೂರಿಗೆ ಬರಬೇಕು.

ಮಂಡಿ ಮೊಹಲ್ಲಾದಲ್ಲಿ, ಊರವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. ಅಲ್ಲಿನ ಹೆರಿಗೆ ವಿಭಾಗ 1934ರಿಂದ ದಾಖಲೆ ಇಟ್ಟುಕೊಂಡು ಬಂದಿತ್ತು. ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ. ತಾಯಿಯ ತೂಕ, ಅವಳ ಸೊಂಟದೆಲುಬಿನ ಹೊರ ಅಳತೆ. ಭಾರತದಲ್ಲಿ ಆ ಕಾಲದ ಇಂಥ ಪುಸ್ತಕಗಳು ಗೆದ್ದಲಿನ ಪಾಲಾಗದೆ ಉಳಿದದ್ದೇ ಅಪರೂಪ. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ತಂಡದವರು ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ ಮನೆಮನೆ ಹತ್ತಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರನ್ನು ಪತ್ತೆ ಹಚ್ಚಿದರು. ಆ ಹೊತ್ತಿಗೆ ನಲವತ್ತು, ಐವತ್ತು ದಾಟಿದ್ದ ಆ ಜನರ ಹೃದಯ ಪರೀಕ್ಷಿಸಿದರು, ಸಕ್ಕರೆ ನೋಡಿದರು, ಹಳೆಯ ಪುಸ್ತಕದ ಅಂಕಿಗಳೊಂದಿಗೆ ತಾಳೆ ಹಾಕಿದರು.

1996ರಲ್ಲಿ ಬಂದ ಮೊದಲ ಉತ್ತರ: ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕಿಲೋ ಮೇಲ್ಪಟ್ಟು ಹುಟ್ಟಿದವರಲ್ಲಿ ಶೇ. 3. ಮಗುವೂ ಚಿಕ್ಕದು, ತಾಯಿಯೂ 45 ಕಿಲೋಗಿಂತ ಕಡಿಮೆ ಎಂದಾದರೆ ಶೇ. 20. ಎರಡು ವರ್ಷದ ನಂತರ, ಅದೇ ಪುಸ್ತಕಗಳಿಂದ ಮಧುಮೇಹದ ಉತ್ತರ ಹೊರಬಿತ್ತು, ಅದು ತದ್ವಿರುದ್ಧ. ಮಧುಮೇಹ ಹೆಚ್ಚಿದ್ದದ್ದು ಉದ್ದ ಕಡಿಮೆ ಇದ್ದು ದುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಒಂದೇ ಊರು, ಒಂದೇ ಆಸ್ಪತ್ರೆ. ಬಡಕಲು ತಾಯಿಯ ಮಗುವಿಗೆ ಹೃದಯದ ಕಾಯಿಲೆ, ಮೈತುಂಬಿದ ತಾಯಿಯ ಮಗುವಿಗೆ ಸಕ್ಕರೆ ಕಾಯಿಲೆ. ಮೈತುಂಬಿದ ಎಂದರೆ ಅಡಿಲೇಡ್‌ನ ಅರ್ಥದಲ್ಲಲ್ಲ. ಆ ಕಾಲದ ಮೈಸೂರಿನ ಅಳತೆಯಲ್ಲಿ. ಪಾಶ್ಚಾತ್ಯ ವೈದ್ಯರು ಯಾರೂ ಇವರನ್ನು ದಪ್ಪ ಎನ್ನುತ್ತಿರಲಿಲ್ಲ.

ಇದರ ಬೆನ್ನು ಹತ್ತಿ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಎಂಟನೆಯ ತಿಂಗಳ ಸುಮಾರಿಗೆ ಬಸುರಿಯರಿಗೆ ಗ್ಲೂಕೋಸ್ ನೀರು ಕುಡಿಸಿ ರಕ್ತ ಪರೀಕ್ಷೆ. ಶೇ. 6ರಷ್ಟು ಮಂದಿಗೆ ಬಸಿರಿನ ಸಕ್ಕರೆ ಕಾಯಿಲೆ ಇತ್ತು. ಅವರ ಮಕ್ಕಳನ್ನು ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು ವರ್ಷಗಟ್ಟಲೆ ಅಳೆಯುತ್ತ ಹೋದರು. ಈ ಮಕ್ಕಳು ದೊಡ್ಡದಾಗಿ ಹುಟ್ಟಿದ್ದವು. ಒಂದು ವರ್ಷದ ಹೊತ್ತಿಗೆ ಉಳಿದವರ ಜೊತೆ ಸಮಸಮ, ಏನೂ ವ್ಯತ್ಯಾಸ ಕಾಣದು. ಐದು ತುಂಬಿದಾಗ ಹೆಣ್ಣುಮಕ್ಕಳಲ್ಲಿ ಅದು ಮತ್ತೆ ತಲೆಯೆತ್ತಿತು. ಬೆನ್ನಿನ ಹೆಗಲೆಲುಬಿನ ಕೆಳಗೆ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇಕ್ಕಳದಂಥ ಕ್ಯಾಲಿಪರ್ ಕಚ್ಚಿಸಿ ಮಡಿಕೆಯ ದಪ್ಪ ನೋಡುತ್ತಾರೆ. ಮಧುಮೇಹಿ ತಾಯಂದಿರ ಹೆಣ್ಣುಮಕ್ಕಳಲ್ಲಿ ಆ ಮಡಿಕೆ ದಪ್ಪಗಿತ್ತು, ರಕ್ತದಲ್ಲಿ ಇನ್ಸುಲಿನ್ ಹೆಚ್ಚಿತ್ತು. ಒಂಬತ್ತೂವರೆ ವರ್ಷಕ್ಕೆ ವ್ಯತ್ಯಾಸ ಇನ್ನೂ ಗಟ್ಟಿಯಾಯಿತು. ಈ ಹುಡುಗಿಯರು ನಾಳಿನ ಬಸುರಿಯರು ಎಂಬುದನ್ನು ನೆನೆದರೆ ಸುರುಳಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುತ್ತದೆ.

ಇನ್ನು ಪುಣೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಊರಾಚೆಯ ಆರು ಹಳ್ಳಿಗಳಲ್ಲಿ 1993ರಿಂದ ತಾಯಂದಿರನ್ನು, ಮಕ್ಕಳನ್ನು ಹಿಂಬಾಲಿಸುತ್ತ ಬಂದವರು. ಹೊಲಗೆಲಸ ಮಾಡುವ, ತೆಳ್ಳಗಿನ ಈ ತಾಯಂದಿರ ಮಕ್ಕಳು ಸರಾಸರಿ 2.7 ಕಿಲೋ, ಸೌತಾಂಪ್ಟನ್‌ನ ಮಕ್ಕಳು 3.5. ಎಂಟು ನೂರು ಗ್ರಾಂ ಕಡಿಮೆ. ಆದರೆ ಕಡಿಮೆಯಾದದ್ದೇನು? ಸ್ನಾಯು ಕಡಿಮೆ, ಹೊಟ್ಟೆಯ ಸುತ್ತಳತೆ ಕಡಿಮೆ. ಬೆನ್ನಿನ ಚರ್ಮದ ಮಡಿಕೆ ಮಾತ್ರ ಇಂಗ್ಲಿಷ್ ಕೂಸಿನದಕ್ಕೆ ಹತ್ತಿರಹತ್ತಿರ ಇತ್ತು. ಮೈಸೂರಿನ ಮಕ್ಕಳನ್ನು ಅಳೆದಾಗಲೂ ಇದೇ ಕಂಡಿತು. ತೆಳ್ಳಗಿದ್ದೂ ಕೊಬ್ಬಿರುವ ಮಗು. ತಕ್ಕಡಿಯ ಮುಂದೆ ಅದು ಬಡಕಲು, ಕ್ಯಾಲಿಪರ್‌ನ ಮುಂದೆ ದುಂಡಗೆ.

ಯಾಜ್ಞಿಕ್ ಇದನ್ನು ದೊಡ್ಡವರಲ್ಲಿ ತೋರಿಸಲು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ ತಮ್ಮದೇ ಫೋಟೋ ಕಳಿಸಿದರು. ಪಕ್ಕದಲ್ಲಿ ಲಂಡನ್ನಿನ ಗೆಳೆಯ, ವೈದ್ಯ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಮೈಯಲ್ಲಿನ ಕೊಬ್ಬು ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಭಾರತದಲ್ಲಿ ಬಿಎಂಐ 23 ದಾಟಿದರೆ ಅತಿತೂಕ, 25ಕ್ಕೆ ಬೊಜ್ಜು ಎಂದು ಮಿತಿ ಇಳಿಸಿಕೊಂಡದ್ದರ ಹಿಂದಿನ ತರ್ಕ ಇದೇ.

ಈ ಹಿನ್ನೆಲೆಯಲ್ಲಿ ನಮ್ಮ ಮನೆಗಳ ಎರಡು ಉಪದೇಶಗಳನ್ನು ನೋಡಿ. ‘ಎರಡು ಜೀವಕ್ಕೆ ಉಣ್ಣಬೇಕಮ್ಮ, ಇನ್ನೊಂದು ಹೋಳಿಗೆ ಹಾಕಿಸಿಕೋ’ ಎಂಬುದು ಒಂದು. ಇನ್ನೊಂದು ಅದರ ಉಲ್ಟಾ. ಮಾರ್ಕ್ ಮತ್ತು ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ ದಂಪತಿ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿದ್ದು 1983ರಲ್ಲಿ ಬರೆದ ಲೇಖನದಲ್ಲಿ, ಮಗು ಸಣ್ಣದಾಗಿರಲಿ, ಹೆರಿಗೆ ಸಲೀಸಾಗಲಿ ಎಂದು ಊಟ ಕಡಿಮೆ ಮಾಡುವ ಹೆಂಗಸರಿದ್ದಾರೆ. ಹೊಟ್ಟೆಯಲ್ಲಿ ಅನ್ನಕ್ಕೂ ಮಗುವಿಗೂ ಇರುವ ಜಾಗ ಒಂದೇ ಎಂಬ ಲೆಕ್ಕಾಚಾರ ಅವರದು. ಎರಡು ಉಪದೇಶಗಳೂ ಒಂದೇ ಜಿಲ್ಲೆಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಇರಬಹುದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಶೇ. 17ರಷ್ಟು ಮಂದಿ ತೀರಾ ತೆಳ್ಳಗಿದ್ದಾರೆ, ಶೇ. 30 ಮಂದಿಯ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು. ಅಂಗನವಾಡಿಗೆ ಬಂದು ಸರ್ಕಾರದ ಮಾತೃಪೂರ್ಣ ಯೋಜನೆಯ ಊಟ ಮಾಡುವ ಸಾಲಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿರುತ್ತಾರೆ. ಒಬ್ಬಳಿಗೆ ಹದಿನೈದು ಕಿಲೋ ಏರಿದರೂ ಸರಿ, ಇನ್ನೊಬ್ಬಳಿಗೆ ಏಳೆಂಟೇ ಸಾಕು.

ಈ ಏರಿಕೆಯ ಮಿತಿಗಳಿಗೆ ಜಗತ್ತು ಇಂದಿಗೂ ನೋಡುವುದು 2009ರ ಅಮೆರಿಕದ ಪಟ್ಟಿಯನ್ನು: ತೆಳ್ಳಗಿನವರಿಗೆ 12.5ರಿಂದ 18 ಕಿಲೋ, ಸಾಮಾನ್ಯ ತೂಕದವರಿಗೆ 11.5ರಿಂದ 16, ಅತಿತೂಕದವರಿಗೆ 7ರಿಂದ 11.5, ಬೊಜ್ಜಿದ್ದವರಿಗೆ 5ರಿಂದ 9. ಅಮೆರಿಕದ ಮೈಕಟ್ಟಿಗೆ ಮಾಡಿದ ಪಟ್ಟಿ ಇದು. 50 ಕಿಲೋದ, ಐದಡಿಯ ನಮ್ಮ ಹೆಣ್ಣುಮಗಳು ಇದರಲ್ಲಿ ‘ಸಾಮಾನ್ಯ’ ಕಂತೆಗೆ ಬೀಳುತ್ತಾಳೆ, ಅವಳ ಸಕ್ಕರೆ ಏನು ಹೇಳುತ್ತದೋ ಅದು ಬೇರೆ ಮಾತು. ಹಾಗಾಗಿಯೇ, ಏರಿದ ಕಿಲೋಗಳ ಬಗ್ಗೆ ಎಷ್ಟು ತಲೆ ಕೆಡಿಸಿಕೊಳ್ಳುತ್ತೇವೋ ಅದರ ಎರಡರಷ್ಟು ಕಾಳಜಿ ಆ ಒಂದು ಲೋಟ ಗ್ಲೂಕೋಸ್ ನೀರಿನ ಪರೀಕ್ಷೆಗೆ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. 75 ಗ್ರಾಂ ಗ್ಲೂಕೋಸ್, ಎರಡು ಗಂಟೆ ಕಾಯುವುದು, 140 ದಾಟಿದರೆ ಚಿಕಿತ್ಸೆ. ನಮ್ಮ ದೇಶದ ಮಾರ್ಗಸೂಚಿಯಲ್ಲಿ ಬರಿಹೊಟ್ಟೆಯಲ್ಲೇ ಬರಬೇಕೆಂಬ ಕಟ್ಟಳೆಯೂ ಇಲ್ಲ. ಮೊದಲ ಭೇಟಿಯಲ್ಲೊಮ್ಮೆ, ಆರನೆಯ ತಿಂಗಳ ಸುಮಾರಿಗೆ ಮತ್ತೊಮ್ಮೆ ಮಾಡಬೇಕೆಂದಿದೆ.

ಸಕ್ಕರೆ ಏರುವುದು ತಿಂದದ್ದು ಹೆಚ್ಚಾಗಿ ಮಾತ್ರವಲ್ಲ, ಬೇಕಾದದ್ದು ಸಿಗದೆಯೂ ಏರುತ್ತದೆ ಎಂಬುದಕ್ಕೆ ಮುಂಬೈಯ ಕೊಳೆಗೇರಿಗಳಿಂದ ಬಂದ ಸಾಕ್ಷ್ಯ ನನಗೆ ತುಂಬ ಇಷ್ಟ. ಅಲ್ಲಿ 6,513 ಹೆಂಗಸರಿಗೆ, ಬಸುರಿಯಾಗುವ ಮುಂಚಿನಿಂದಲೇ, ದಿನಾ ಒಂದು ತಿಂಡಿ. ಒಂದು ಗುಂಪಿನ ತಿಂಡಿಯಲ್ಲಿ ಸೊಪ್ಪು, ಹಣ್ಣು, ಹಾಲು. ಇನ್ನೊಂದರಲ್ಲಿ ಆಲೂಗಡ್ಡೆ, ಈರುಳ್ಳಿಯಂಥವು. ಹುಟ್ಟುತೂಕದಲ್ಲಿ ಒಟ್ಟಾರೆ ದೊಡ್ಡ ಬದಲಾವಣೆ ಕಾಣಲಿಲ್ಲ. ಮೂರು ತಿಂಗಳು ಮುಂಚೆಯೇ ತಿನ್ನಲು ತೊಡಗಿದವರ ಮಕ್ಕಳು 48 ಗ್ರಾಂ ಹೆಚ್ಚು ತೂಗಿದವು, ಅಷ್ಟೆ. ಆದರೆ ಬಸಿರಿನ ಮಧುಮೇಹ ಶೇ. 12.4ರಿಂದ 7.3ಕ್ಕೆ ಇಳಿದಿತ್ತು. ಮೈಸೂರಿನ ಪಾರ್ಥೆನಾನ್ ತಾಯಂದಿರಲ್ಲೂ ಶೇ. 43 ಮಂದಿಗೆ ಬಿ12 ಜೀವಸತ್ವ ಸಾಲದು. ಕೊರತೆ ಇದ್ದವರಲ್ಲೇ ಮೈಕೊಬ್ಬು ಹೆಚ್ಚು, ಬಸಿರಿನ ಮಧುಮೇಹವೂ ಹೆಚ್ಚು. ಹಸಿವು ಮತ್ತು ಬೊಜ್ಜು ಎದುರುಬದುರು ನಿಂತ ಶತ್ರುಗಳು ಎಂಬ ನಮ್ಮ ಎಣಿಕೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಬಸಿರಿನಲ್ಲಿ ಶುರುಮಾಡಿದರೆ ತಡವಾಯಿತು ಎಂಬ ಅಡಿಲೇಡ್‌ನ ಪಾಠ, ಮುಂಚೆಯೇ ಶುರುಮಾಡಿದರೆ ಸಕ್ಕರೆ ಇಳಿದೀತು ಎಂಬ ಮುಂಬೈಯ ಸುಳಿವು, ಇವೆರಡನ್ನೂ ಒಟ್ಟಿಗೆ ಪರೀಕ್ಷಿಸುವ ಕೆಲಸ ಈಗ ವಿಶ್ವ ಆರೋಗ್ಯ ಸಂಸ್ಥೆಯ ಸಹಭಾಗಿತ್ವದಲ್ಲಿ ಕೆನಡಾ, ಚೀನಾ, ದಕ್ಷಿಣ ಆಫ್ರಿಕಾ ಮತ್ತು ಭಾರತದಲ್ಲಿ ನಡೆದಿದೆ. ಭಾರತದ ಪ್ರಯೋಗದ ಹೆಸರು ಐನ್‌ಸ್ಟೀನ್. ವಿಜ್ಞಾನಿಗೂ ಅದಕ್ಕೂ ಸಂಬಂಧವಿಲ್ಲ. ಉದ್ದನೆಯ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಹೆಕ್ಕಿ ಜೋಡಿಸಿದ್ದು. ಮೈಸೂರು ಜಿಲ್ಲೆಯ ಹಳ್ಳಿಗಳನ್ನು ಚೀಟಿ ಎತ್ತಿದಂತೆ ಹಂಚಿಕೊಂಡು, ಕೆಲವೆಡೆ ಬಸಿರಿಗೆ ಮುಂಚೆಯೇ, ಕೆಲವೆಡೆ ಬಸುರಿಯಾದ ಮೇಲೆ ಊಟ, ಪೋಷಕಾಂಶ, ಮನಸ್ಸಿನ ನೆಮ್ಮದಿ ಎಲ್ಲದರ ಕಡೆ ಗಮನ ಕೊಡುತ್ತಾರೆ. ಗೆದ್ದಿತೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಹುಟ್ಟುತೂಕವಲ್ಲ, ತಾಯಿ ಎಷ್ಟು ಕಿಲೋ ಏರಿದಳೆಂಬುದೂ ಅಲ್ಲ. ಮಗುವಿಗೆ ಐದು ವರ್ಷವಾದಾಗ ಅದರ ಮೈಯಲ್ಲಿ ಕೊಬ್ಬೆಷ್ಟಿದೆ ಎಂದು ಅಳೆಯುತ್ತಾರೆ.